ಜೋಗಕ್ಕೆ ಹೊರಡುವ ಕಾಲ

ದೊಡ್ಡಬಳ್ಳಾಪುರದಲ್ಲಿ ಯಾರೇ ಜೋಗ ನೋಡಲು ಹೊರಟರೂ ಮಗ್ಗದ ನರಸಿಂಹಯ್ಯನವರನ್ನು ಕೇಳದೆ ಹೊರಡುವಂತಿಲ್ಲ. ಮಳೆಗಾಲವೆಂದರೆ "ಬರೀ ಮಂಜು ಕಣಪ್ಪಾ, ದುಡ್ಡು ದಂಡ" ಎನ್ನುತ್ತಾರೆ; ಬೇಸಿಗೆಯೆಂದರೆ "ಬಂಡೆ ನೋಡೋಕೆ ನಮ್ ಶಿವಗಂಗೆ ಸಾಲ್ದಾ?" ಎನ್ನುತ್ತಾರೆ. ದೀಪಾವಳಿ ಹೊತ್ತಿಗೆ ಜೋಗ ಸೊಗಸಂತೆ, ಆದರೆ ಆಗ ಸೀರೆಗೆ ಗಿರಾಕಿ ಜಾಸ್ತಿ. ಮಗ್ಗ ನಿಲ್ಲುವುದು ಅಮಾವಾಸ್ಯೆಗೆ ಮಾತ್ರ. ಅಮಾವಾಸ್ಯೆಯಂದು ಪ್ರಯಾಣ ಹೊರಡಬಾರದು. ಹೀಗೆ ಹೆಂಡತಿ ರುಕ್ಮಿಣಮ್ಮನವರ ಜೋಗದಾಸೆ ಮದುವೆಯಾದಾಗಿನಿಂದ ಒಳ್ಳೆಯ ಕಾಲಕ್ಕೆ ಕಾಯುತ್ತಲೇ ಇತ್ತು. ಈ ಸಲ ಆಕೆ ಅಮಾವಾಸ್ಯೆಯ ದಿನವೇ, ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುವ ತಮ್ಮನ ಕಾರು ತರಿಸಿ ಹತ್ತಿ ಕೂತೇಬಿಟ್ಟರು. ನರಸಿಂಹಯ್ಯ ಕಿಟಕಿಗೆ ಬಾಗಿ ಪಿಸುಗುಟ್ಟಿದರು: "ನಾನೂ ಬಂದ್ರೆ, ಇದುವರೆಗೂ ಜೋಗ ನೋಡೇ ಇಲ್ಲ ಅಂತ ಊರಿಗೆಲ್ಲ ಗೊತ್ತಾಗುತ್ತೆ ಕಣೇ!" "ಊರಿಗೆಲ್ಲ ಯಾವತ್ತೋ ಗೊತ್ತು ಕಣ್ರೀ," ಎಂದರು ರುಕ್ಮಿಣಮ್ಮ. "ಮುಂದಿನ ಸೀಟು ನಂದು, ಹಿಂದೆ ಕೂತ್ಕೊಳ್ಳಿ."