ಹಳೆಯ ಬೂಚು

ಎಪ್ಪತ್ತರ ದಶಕದ ನಡುವಿನ ಮಾತು. ಆಗ ನಾನು ಶಲವಡಿಯ ಸರ್ಕಾರಿ ದವಾಖಾನೆಯಲ್ಲಿ ಕಂಪೌಂಡರ್. ಡಾಕ್ಟರು ಬರೆದ ಚೀಟಿ ನೋಡಿ ಮಿಕ್ಸ್ಚರ್ ಬೆರೆಸುವುದು, ಗುಳಿಗೆ ಎಣಿಸಿ ಪೊಟ್ಟಣ ಕಟ್ಟುವುದು ನನ್ನ ಕೆಲಸ. ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಹಿರಿಯ ಕಂಪೌಂಡರೊಬ್ಬರ ಕೈಕೆಳಗೆ ಕಲಿತು, ಅನುಭವದ ಮೇಲೆ ಫಾರ್ಮಸಿಸ್ಟ್ ಎಂದು ರಿಜಿಸ್ಟರ್ ಆದವನು. ಸುಳ್ಳೇಕೆ ಹೇಳಲಿ, ನನ್ನ ಕೈಗುಣದ ಬಗ್ಗೆ ನನಗೆ ಭಾರಿ ಸೊಕ್ಕಿತ್ತು.

ದವಾಖಾನೆ ಔಷಧ ಕೊಡುತ್ತಿತ್ತು, ಬಾಟಲಿ ಕೊಡುತ್ತಿರಲಿಲ್ಲ. ಅದನ್ನು ಜನರೇ ಮನೆಯಿಂದ ತರಬೇಕು. ನಾನು ಅದನ್ನು ನೀರು ಹಾಕಿ ಗಲಬರಿಸಿ, ಮಿಕ್ಸ್ಚರ್ ತುಂಬಿ, ಬಾಯಿಗೆ ಹೊಸ ಬೂಚು ಜಡಿಯುತ್ತಿದ್ದೆ. ಒಂದು ಸಲಕ್ಕೆ ಎಷ್ಟು ಕುಡಿಯಬೇಕೆಂದು ತಿಳಿಯಲು, ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಬಾಟಲಿಗೆ ಅಂಟಿಸುತ್ತಿದ್ದೆ. ಬಾಟಲಿಯಲ್ಲಿ ಮೊದಲು ಏನಿತ್ತು ಎಂದು ಯಾರೂ ಕೇಳುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ.

ಮಳೆಗಾಲದ ಒಂದು ಮುಂಜಾನೆ ಜೈತುನಬಿ ಎಂಬ ಹುಡುಗಿ ಬಂದಳು. ಅವಳಪ್ಪ ಕಂಡವರ ಹೊಲದಲ್ಲಿ ಹತ್ತಿಗೆ ಕೀಟನಾಶಕ ಹೊಡೆಯುವ ಕೂಲಿ. ಅವಳು ಸೈನ್ಸ್ ತೆಗೆದುಕೊಂಡು ಪಿಯುಸಿ ಪಾಸಾಗಿದ್ದಳು. ಅಂದು ಮಧ್ಯಾಹ್ನ ಎರಡಕ್ಕೆ ಹುಬ್ಬಳ್ಳಿಯಲ್ಲಿ ಬಿ.ಫಾರ್ಮ್ ಸೀಟಿನ ಸಂದರ್ಶನ. ಹೊತ್ತಿಗೆ ಸರಿಯಾಗಿ ಹಾಜರಾಗದವರ ಸೀಟು ಪಟ್ಟಿಯಲ್ಲಿನ ಮುಂದಿನವರಿಗೆ ಹೋಗುತ್ತಿತ್ತು. ಸಂದರ್ಶನಕ್ಕೆ ಡಾಕ್ಟರ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕು, ಹನ್ನೊಂದರ ಬಸ್ಸು ಸಿಗಬೇಕು.

ನನ್ನ ನಾಲಿಗೆ ಸುಮ್ಮನಿರಲಿಲ್ಲ. "ಡಿಗ್ರಿ ಮಾಡಿ ನೀನೂ ನನ್ನಂಗ ಗುಳಿಗಿ ಎಣಸ್ತಿಯೇನ ಬೇ?"

"ಯಾಕ್ರಿ ಕಾಕಾ, ಡಿಗ್ರಿ ಆದ್ರ ಔಷಧದ ಫ್ಯಾಕ್ಟರಿಗೂ ಹೋಗಬಹುದು, ಕಾಲೇಜಿನ್ಯಾಗ ಕಲಿಸಲೂಬಹುದು. ನಾ ಅಂತೂ ಡ್ರಗ್ ಇನ್ಸ್‌ಪೆಕ್ಟರ್ ಆಗ್ತೀನ್ರಿ. ನಿಮ್ಮ ಕಪಾಟ ತಗಸಿ ನೋಡ್ತೀನಿ!"

ಅಬ್ಬಾ, ಏನು ಬಾಯಿ! ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನು ಮುಖ ಗಂಟಿಕ್ಕಿಕೊಂಡು ಮುಂದಿನ ಚೀಟಿ ತೆಗೆದುಕೊಂಡೆ. ಅದು ಫಕೀರವ್ವ ಎಂಬ ಮುದುಕಿಯದು, ಮೂರು ವರ್ಷದ ಮೊಮ್ಮಗಳ ಕೆಮ್ಮಿಗೆ. ಅವಳು ತಂದ ಬಾಟಲಿಯ ಹಳೆಯ ಬೂಚನ್ನು ಕಿತ್ತು ಮೇಜಿನ ಮೇಲಿಟ್ಟೆ, ಗಲಬರಿಸಿ ಮಿಕ್ಸ್ಚರ್ ತುಂಬಿ ಕೊಟ್ಟೆ. ಮುದುಕಿ ಹೊಲದ ದಾರಿ ಹಿಡಿದಳು.

ಸ್ವಲ್ಪ ಹೊತ್ತಿಗೆ ಸರ್ಟಿಫಿಕೇಟ್ ಹಿಡಿದು ಹೊರಬಂದ ಜೈತುನಬಿ ನನ್ನ ಮೇಜಿನ ಬಳಿ ಗಕ್ಕನೆ ನಿಂತಳು. ಆ ಬೂಚನ್ನು ಎತ್ತಿ ಮೂಸಿದಳು.

"ಕಾಕಾ, ಇದು ಯಾರ ಬಾಟ್ಲಿದ್ರಿ? ಎಂಡ್ರಿನ್ ಐತ್ರಿ ಇದರಾಗ. ಹತ್ತಿಗೆ ಹೊಡಿಯೂ ಎಣ್ಣಿ!"

ನಾನೂ ಮೂಸಿದೆ. ನನ್ನ ಮಿಕ್ಸ್ಚರಿನ ಪೆಪ್ಪರ್ಮಿಂಟ್ ಬಿಟ್ಟು ಬೇರೆ ವಾಸನೆಯೇ ಇಲ್ಲ. "ಅದು ಫಕೀರವ್ವಂದು. ಹೋಗ ಬೇ, ನಿಂದೆಲ್ಲಾ ಭ್ರಮೆ. ಇಪ್ಪತ್ತು ವರ್ಷ ಆತು ನಾ ಈ ಕೆಲಸಕ್ಕ ಹತ್ತಿ" ಎಂದೆ.

"ನಿಮ್ಮ ಮೂಗು ದಿನಾ ಔಷಧದಾಗ ಮುಳಗಿರತೈತ್ರಿ. ಅಪ್ಪನ ಅಂಗಿ ಒಗಿಯಾಕಿ ನಾನು. ನನಗ ಗೊತ್ತಾಗತೈತ್ರಿ."

ಅಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳಿತು. ಅವಳು ಒಂದು ಕ್ಷಣ ರಸ್ತೆಯ ಕಡೆ ನೋಡಿದಳು. ಆಮೇಲೆ ಸರ್ಟಿಫಿಕೇಟನ್ನು ನನ್ನ ಕೈಗೆ ತುರುಕಿ, ಚಪ್ಪಲಿ ಅಲ್ಲೇ ಬಿಟ್ಟು, ಹೊಲದ ದಾರಿಯಲ್ಲಿ ಓಡಿದಳು. ಅವಳು ಬಸ್ಸನ್ನೇ ಬಿಟ್ಟು ಓಡಿದ್ದು ಕಂಡು ನನಗೂ ಅನುಮಾನ ಹುಟ್ಟಿತು. ಬೂಚನ್ನು ಡಾಕ್ಟರ ಮುಂದೆ ಹಿಡಿದೆ. ಅವರು ಮೂಸಿದವರೇ ಮುಖ ಕಪ್ಪಿಟ್ಟು, "ಓಡ್ರಿ!" ಎಂದರು.

ಎರೆಮಣ್ಣು ಮೊಣಕಾಲಿನ ತನಕ ಮೆತ್ತಿಕೊಳ್ಳುತ್ತಿತ್ತು. ನಾನು ಹೊಲದಲ್ಲಿದ್ದ ಫಕೀರವ್ವನ ಮನೆ ಮುಟ್ಟಿದಾಗ ಮೊಮ್ಮಗಳು ಅಜ್ಜಿಯ ತೊಡೆಯ ಮೇಲೆ ಬಾಯಿ ತೆರೆದುಕೊಂಡಿದ್ದಳು. ಔಷಧ ತುಂಬಿದ್ದ ಚಮಚ ಜೈತುನಬಿಯ ಮುಷ್ಟಿಯಲ್ಲಿತ್ತು. ಕೂಸು ಒಂದು ಹನಿಯನ್ನೂ ಕುಡಿದಿರಲಿಲ್ಲ. ಫಕೀರವ್ವ, "ಮೂರು ಸರ್ತಿ ತೊಳದಿದ್ನೆಲ್ಲೋ ಯಪ್ಪಾ" ಎಂದು ಹಣೆ ಬಡಿದುಕೊಂಡಳು. ಅವಳನ್ನು ಬೈಯಲು ನನಗೆ ಯಾವ ಬಾಯಿ? ನಾನು ಅಲ್ಲೇ ಕೆಸರಿನಲ್ಲಿ ಕೂತುಬಿಟ್ಟೆ.

ಬಸ್ಸು ಹೋಗಿತ್ತು. ಹುಡುಗಿ ಅಳಲಿಲ್ಲ. ಕಾಲು ತೊಳೆದುಕೊಂಡು, "ಮುಂದಿನ ಬಸ್ಸು ಎಷ್ಟಕ್ಕೈತ್ರಿ?" ಎಂದು ಕೇಳಿದಳು, ಅಷ್ಟೇ. ಡಾಕ್ಟರ ಅಪ್ಪಣೆ ಪಡೆದು ನಾನೂ ಅವಳ ಜೊತೆ ಹೊರಟೆ.

ನಾವು ಕಾಲೇಜು ಮುಟ್ಟಿದಾಗ ನಾಲ್ಕು ದಾಟಿತ್ತು. ಪ್ರಿನ್ಸಿಪಾಲರು ಕಾಗದ ಕಟ್ಟುತ್ತಿದ್ದರು, ಅವಳ ಸೀಟನ್ನು ಇನ್ನೂ ಮುಂದಿನವರಿಗೆ ಕೊಟ್ಟಿರಲಿಲ್ಲ. ನಾನು ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವರು ಕೇಳಿ, "ಬಾಯಿಮಾತಿನ ಮೇಲೆ ಸೀಟು ಹಿಡಿದಿಡಲು ಬರುವುದಿಲ್ಲ. ಬರೆದುಕೊಡುತ್ತೀರಾ? ತಪ್ಪು ನಿಮ್ಮದೆಂದು ಬರೆದರೆ ಆ ಕಾಗದ ನಿಮ್ಮ ಮೇಲಧಿಕಾರಿಗೂ ಹೋಗಬಹುದು" ಎಂದರು.

ಜೈತುನಬಿ ನನ್ನ ತೋಳು ಹಿಡಿದಳು. "ಬ್ಯಾಡ್ರಿ ಕಾಕಾ. ನಿಮ್ಮ ನೌಕರಿ ಹೋಗತೈತಿ. ನಾ ಮುಂದಿನ ವರ್ಷ ಬರ್ತೀನಿ."

ಆ ಹುಡುಗಿಯನ್ನು ಬೆರಗಾಗಿ ನೋಡಿದೆ. ಮುಂಜಾನೆ ಅವಳು ಒಂದು ಕೂಸಿಗಾಗಿ ಸೀಟು ಬಿಟ್ಟು ಓಡಿದ್ದಳು. ಈಗ ತನ್ನನ್ನೇ ಗೇಲಿ ಮಾಡಿದ ಈ ಸೊಕ್ಕಿನ ಮನುಷ್ಯನಿಗಾಗಿ ಇನ್ನೊಮ್ಮೆ ಬಿಡಲು ತಯಾರಾಗಿದ್ದಳು! ನನ್ನ ಕೈ ನಡುಗುತ್ತಿತ್ತು. ಆದರೂ ಬರೆದೆ: "ಬಾಟಲಿ ಪರೀಕ್ಷಿಸದೆ ಔಷಧ ತುಂಬಿದ್ದು ನನ್ನ ತಪ್ಪು." ಕೆಳಗೆ ಸಹಿ ಹಾಕಿದೆ. ಅಂದೇ ಅವಳ ಸಂದರ್ಶನವಾಯಿತು, ಸೀಟೂ ಸಿಕ್ಕಿತು. ನನಗೆ ಲಿಖಿತ ಎಚ್ಚರಿಕೆ ಬಂತು, ಒಂದು ವರ್ಷದ ವೇತನ ಬಡ್ತಿ ನಿಂತಿತು.

ನಿವೃತ್ತಿಯ ಬಳಿಕ ನಾನು ಅಣ್ಣಿಗೇರಿಯ ಒಂದು ಮೆಡಿಕಲ್ ಶಾಪಿನಲ್ಲಿ ಫಾರ್ಮಸಿಸ್ಟ್ ಆಗಿ ಕೂತೆ. ಒಂದು ದಿನ ಜೀಪು ಬಂದು ನಿಂತಿತು. ಇಳಿದವಳು ಡ್ರಗ್ ಇನ್ಸ್‌ಪೆಕ್ಟರ್ ಜೈತುನಬಿ. ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಆಮೇಲೆ, "ಕಪಾಟ ತಗೀರಿ ಕಾಕಾ" ಎಂದಳು.

ತಾಸುಗಟ್ಟಲೆ ನೋಡಿದಳು. ಕೆಳಗಿನ ಖಾನೆಯಲ್ಲಿ ಅವಧಿ ಮುಗಿದ ಗುಳಿಗೆಯ ಎರಡು ಪಟ್ಟಿ ಸಿಕ್ಕವು. ನಾನು ಹಲ್ಲು ಕಿರಿದೆ. ಅವಳು ನಗಲಿಲ್ಲ. ತಪ್ಪನ್ನು ಬರೆದು, ಕಾಗದವನ್ನು ನನ್ನ ಕಡೆ ತಿರುಗಿಸಿ, "ಸಹಿ ಮಾಡ್ರಿ" ಎಂದಳು.

ಔಷಧದ ಕೆಲಸದಲ್ಲಿ ಅನುಭವ ದೊಡ್ಡದು, ಆದರೆ ಅನುಮಾನ ಅದಕ್ಕಿಂತ ದೊಡ್ಡದು ಎಂದು ನನಗೆ ಕಲಿಸಿದವಳು ಅವಳು. ನಲವತ್ತು ವರ್ಷದ ವೃತ್ತಿಯಲ್ಲಿ ನನ್ನ ತಪ್ಪಿಗೆ ನಾನೇ ಸಹಿ ಹಾಕಿದ್ದು ಎರಡು ಸಲ. ಎರಡೂ ಸಲ ಅವಳು ಎದುರಿಗಿದ್ದಳು. ಮೊದಲ ಸಲ ಕೈ ನಡುಗಿತ್ತು. ಎರಡನೆಯ ಸಲ ಹೆಮ್ಮೆಯಿಂದ, ದೊಡ್ಡ ಅಕ್ಷರದಲ್ಲಿ ಸಹಿ ಹಾಕಿದೆ.