ಸದ್ದು ಮಾಡದ ಅಲಾರಂ

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಸೇಲಂನಲ್ಲಿ ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಮಾಡುವ ಸಣ್ಣ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ಮೆಟ್ಟೂರಿನ ಕಡೆಯ ಹಳ್ಳಿಯಿಂದ ಬಂದವನು; ಊಟ, ವಾಸ ಎಲ್ಲವೂ ಅಕ್ಕನ ಮನೆಯಲ್ಲಿ. ಭಾವ ಮನೆಯ ಹಿಂಭಾಗದಲ್ಲೇ ಬೆಳ್ಳಿ ಕಾಲ್ಗೆಜ್ಜೆ ಮಾಡುವ ಪಟ್ಟರೆ ಇಟ್ಟಿದ್ದರು. ಪಟ್ಟರೆ ಎಂದರೆ ದೊಡ್ಡದೇನಲ್ಲ, ಒಂದು ಉದ್ದನೆಯ ಕೋಣೆ. ಒಂದು ತುದಿಯಲ್ಲಿ ಬೆಳ್ಳಿ ಕರಗಿಸುವ ಒಲೆ, ಇನ್ನೊಂದು ತುದಿಯಲ್ಲಿ ಗೆಜ್ಜೆ ತೊಳೆಯುವ ಸಿಮೆಂಟಿನ ತೊಟ್ಟಿ, ನಡುವೆ ನೆಲದ ಮೇಲೆ ಕುಳಿತು ಕೆಲಸ ಮಾಡುವ ಏಳೆಂಟು ಜನ.

ಒಂದು ಬೇಸಿಗೆಯಲ್ಲಿ ಭಾವನ ಮುಖ ಕಪ್ಪಿಟ್ಟಿತು. ಕೊಟ್ಟ ಬೆಳ್ಳಿಗೂ ಸಿದ್ಧವಾಗಿ ಬಂದ ಗೆಜ್ಜೆಗೂ ತೂಕ ತಾಳೆಯಾಗುತ್ತಿರಲಿಲ್ಲ. ಅರದ ಪುಡಿಯಲ್ಲಿ ಒಂದಿಷ್ಟು ಹೋಗುವುದು ಮಾಮೂಲು. ಇದು ಅದಕ್ಕಿಂತ ಹೆಚ್ಚು, ಪ್ರತಿ ವಾರ. ಯಾರನ್ನೂ ಕೇಳಲಾಗದೆ ಅವರು ಎಲ್ಲರನ್ನೂ ಅನುಮಾನದಿಂದ ನೋಡತೊಡಗಿದರು.

ಒಂದು ದಿನ ನನ್ನನ್ನು ಕರೆದು ಹೇಳಿದರು. "ಲೇ, ಊರವರ ರೇಡಿಯೋ ಎಲ್ಲಾ ರಿಪೇರಿ ಮಾಡ್ತೀಯ. ನಮ್ಮನೇಲಿ ಕಳ್ಳ ಅವ್ನೆ. ಅವನನ್ನ ಇಡಿಯೋಕೆ ಏನಾರ ಮಾಡು ನೋಡಾನ."

ನನಗೆ ಅದು ಹಬ್ಬವಾಯಿತು. ಆಗ ಅಲಾರಂ ಎಂಬುದು ಬ್ಯಾಂಕುಗಳಲ್ಲಿ, ದೊಡ್ಡ ಅಂಗಡಿಗಳಲ್ಲಿ ಮಾತ್ರ ಇದ್ದ ವಸ್ತು. ಎಣ್ಣೆ ಡಬ್ಬಗಳನ್ನು ಕತ್ತರಿಸಿ ಎರಡು ತಗಡು ಮಾಡಿದೆ. ನಡುವೆ ತೂತು ತೂತು ಮಾಡಿದ ಸ್ಪಂಜು ಇಟ್ಟು, ಮೇಲೆ ಗೋಣಿತಾಟು ಹೊಲಿದೆ. ನೋಡಿದವರಿಗೆ ಅದು ಕಾಲೊರೆಸುವ ತಾಟು. ಯಾರಾದರೂ ತುಳಿದರೆ ಸ್ಪಂಜು ಕುಗ್ಗಿ, ತೂತುಗಳ ಮೂಲಕ ತಗಡಿಗೆ ತಗಡು ತಾಗಿ ಕರೆಂಟು ಹರಿಯುತ್ತಿತ್ತು. ಅದನ್ನು ಒಂದು ಹಳೆಯ ಲಾರಿ ಹಾರ್ನಿಗೆ ಸೇರಿಸಿದೆ. ಕಾಲು ತೆಗೆದರೂ ಹಾರ್ನು ನಿಲ್ಲದಂತೆ ಮಾಡಿದ್ದು ನನ್ನ ಬುದ್ಧಿವಂತಿಕೆ. ಗೋಡೆಯ ಪೆಟ್ಟಿಗೆಯಲ್ಲಿ ಬೀಗದ ಕೈ ತಿರುಗಿಸುವ ತನಕ ಅದು ಕೂಗುತ್ತಲೇ ಇರಬೇಕು.

ತಾಟನ್ನು ಬೆಳ್ಳಿ ತಂತಿ ಇಡುವ ಕಪಾಟಿನ ಮುಂದೆ, ಹಿಂಬಾಗಿಲಿನಿಂದ ಬಂದವರು ತುಳಿಯಲೇಬೇಕಾದ ಕಡೆ ಹಾಸಿದೆವು. ಕೋಣೆ ಖಾಲಿಯಾದಾಗಲೆಲ್ಲ ಭಾವ ಸ್ವಿಚ್ ಹಾಕುತ್ತಿದ್ದರು.

"ಕೆಲಸದವರಿಗೆ ಹೇಳೋದು ಬೇಡವಾ ಭಾವ?" ಎಂದು ಕೇಳಿದ್ದೆ.

"ಏಳ್ಬುಟ್ರೆ ಕಳ್ಳ ಸಿಕ್ತಾನಾ?" ಎಂದರು. ಮತ್ತೆ ನಾನು ಕೇಳಲಿಲ್ಲ. ಹಾರ್ನು ಕೂಗುವುದನ್ನು ಕೇಳುವ ಆಸೆ ನನಗೂ ಇತ್ತು.

ನಾಲ್ಕನೆಯ ದಿನ ಮಧ್ಯಾಹ್ನ ಅದು ಕೂಗಿತು. ನಾವು ಊಟಕ್ಕೆ ಕುಳಿತಿದ್ದೆವು. ಭಾವ ಎಂಜಲು ಕೈಯಲ್ಲೇ ಎದ್ದು ಓಡಿದರು, ಹಿಂದೆ ನಾನು, ನನ್ನ ಹಿಂದೆ ಅಕ್ಕ. ಹಿಂದಿನ ಓಣಿಯಿಂದಲೂ ಜನ ನುಗ್ಗಿದರು.

ಒಳಗೆ ನಿಂತಿದ್ದವರು ಗೆಜ್ಜೆಗೆ ಮಣಿ ಕೂಡಿಸುವ ಕೆಲಸದ ಹೆಂಗಸು. ನಲವತ್ತೈದು ದಾಟಿದ ವಿಧವೆ, ಎಡಪ್ಪಾಡಿ ಕಡೆಯ ಕನ್ನಡದವರು. ಆರು ವರ್ಷದಿಂದ ಅಲ್ಲಿದ್ದರು. ಅಕ್ಕನ ಬಾಣಂತನದಲ್ಲಿ ಅವರೇ ನೀರು ಹಾಕಿದ್ದರು. ನಾನು ಅವರನ್ನು ಅತ್ತೆ ಎಂದೇ ಕರೆಯುತ್ತಿದ್ದೆ. ಎರಡೂ ಕಿವಿ ಮುಚ್ಚಿಕೊಂಡು, ಏನಾಯಿತೆಂದು ತಿಳಿಯದೆ, ಅವರು ಆ ತಾಟಿನ ಮೇಲೆಯೇ ನಿಂತಿದ್ದರು.

ಬೀಗದ ಕೈ ಭಾವನ ಅಂಗಿಯ ಜೇಬಿನಲ್ಲಿ, ಅಂಗಿ ಮನೆಯ ಗೂಟದಲ್ಲಿ. ನಾನು ಓಡಿಹೋಗಿ ತರುವಷ್ಟರಲ್ಲಿ ಇಡೀ ಬೀದಿ ಸೇರಿತ್ತು. ಹಾರ್ನು ನಿಂತ ಮೇಲೆ ಗುಂಪಿನಲ್ಲಿ ಯಾರೋ "ತಿರುಡಿ" ಎಂದರು. ತಮಿಳಿನಲ್ಲಿ ಕಳ್ಳಿಗೆ ಅನ್ನುವ ಮಾತು.

"ಯಾಕೆ ಬಂದೆ? ಬಾಗ್ಲು ಎಂಗೆ ತೆಗೆದೆ?" ಎಂದು ಭಾವ ಕೇಳಿದರು.

"ಚಿಲಕ ಸಂದೀಲಿ ಕೈ ಹಾಕುದ್ರೆ ಬತ್ತದೆ ಅಣ್ಣಾ, ಎಲ್ರಿಗೂ ಗೊತ್ತು. ನನ್ನ ಪೊಟ್ಟಣ ಇಲ್ಲೇ ಬುಟ್ಟಿದ್ದೆ. ಊಟದ ಒತ್ತಲ್ಲಿ ನಿಮ್ಮನ್ನ ಎಬ್ಬಿಸೋದು ಬ್ಯಾಡ ಅಂತ..."

ಭಾವ ಅವರ ಕೈಯಲ್ಲಿದ್ದ ಕಾಗದದ ಪೊಟ್ಟಣ ಕಿತ್ತುಕೊಂಡು ಬಿಚ್ಚಿದರು. ಬಿಳಿ ಮಾತ್ರೆಗಳು ನೆಲಕ್ಕೆ ಚೆಲ್ಲಿದವು. "ಏನು ಮಾತ್ರೆ ಇದು? ಯಾರಿಗೆ?" ಎಂದರು. ಅತ್ತೆ ಬಾಯಿ ಬಿಡಲಿಲ್ಲ. ಎರಡನೆಯ ಸಲ ಕೇಳಿದಾಗಲೂ ಇಲ್ಲ. ಆ ಮೌನವೇ ಜನಕ್ಕೆ ಸಾಕಾಯಿತು.

ಕೊನೆಗೆ ಭಾವ ಅಕ್ಕನಿಗೆ, ಒಳಗೆ ಕರೆದುಕೊಂಡು ಹೋಗಿ ಮೈ ತಡಕಿ ನೋಡು, ಎಂದರು. ಅಕ್ಕ ಆಗುವುದಿಲ್ಲ ಎಂದಳು. ಅತ್ತೆಯೇ ಅವಳ ಕೈ ಹಿಡಿದು, "ಬಾರವ್ವಾ, ನೋಡ್ಬುಡು. ಇಲ್ದಿದ್ರೆ ಇವ್ರು ನಂಬಾಕಿಲ್ಲ" ಎಂದು ಮನೆಯೊಳಗೆ ಹೋದರು. ಹೊರಗೆ ಬಂದ ಅಕ್ಕ ಯಾರ ಮುಖವನ್ನೂ ನೋಡದೆ "ಏನೂ ಇಲ್ಲ" ಎಂದಳು. ಅತ್ತೆ ಪಟ್ಟರೆಗೆ ಹಿಂತಿರುಗಿ, ನೆಲದ ಮೇಲಿನ ಮಾತ್ರೆಗಳನ್ನು ಒಂದೊಂದಾಗಿ ಹೆಕ್ಕಿ, ಸೆರಗಿನಲ್ಲಿ ಒರೆಸಿ ಕಟ್ಟಿಕೊಂಡರು. ಹೊರಡುವಾಗ ನನ್ನನ್ನು ನೋಡಿ, "ಇದ ಮಾಡ್ದೋನು ನೀನೇನಪ್ಪಾ?" ಎಂದು ಕೇಳಿದರು. ನಾನು ಹೌದೆಂದು ತಲೆಯಾಡಿಸಿದೆ. ಮರುದಿನದಿಂದ ಅವರು ಕೆಲಸಕ್ಕೆ ಬರಲಿಲ್ಲ.

ಅವರು ಹೋದ ಮೇಲೂ ತೂಕ ಕಡಿಮೆಯಾಗುತ್ತಲೇ ಇತ್ತು. ಒಂದೂವರೆ ತಿಂಗಳ ನಂತರ ತೊಟ್ಟಿಯ ಬುಡದಲ್ಲಿ ಬಿರುಕು ಕಂಡಿತು. ಗೆಜ್ಜೆ ತೊಳೆದ ನೀರಿನಲ್ಲಿ ಬೆಳ್ಳಿಯ ಪುಡಿ ಇರುತ್ತದೆ. ಅದನ್ನು ತಿಳಿಯಾಗಲು ಬಿಟ್ಟು ತಳದ ಕೆಸರಿನಿಂದ ಬೆಳ್ಳಿ ತೆಗೆಯುವುದು ರೂಢಿ. ಆ ನೀರು ಬಿರುಕಿನಿಂದ ನೆಲಕ್ಕೆ ಇಳಿಯುತ್ತಿತ್ತು. ಭಾವ ತೊಟ್ಟಿ ಒಡೆಸಿ, ಅಡಿಯ ಮಣ್ಣು ತೋಡಿಸಿ, ಬೆಳ್ಳಿ ಶುದ್ಧ ಮಾಡುವವರಿಗೆ ಕಳಿಸಿದರು. ಹೋದದ್ದೆಲ್ಲ ಆ ಮಣ್ಣಿನಲ್ಲೇ ಇತ್ತು. ಆ ಸಂಜೆ ಭಾವ ತೋಡಿದ ಗುಂಡಿಯ ಪಕ್ಕದಲ್ಲಿ ಕುಳಿತೇ ಇದ್ದರು. ಅಕ್ಕ ಕಾಫಿ ತಂದಿಟ್ಟು ಒಳಗೆ ಹೋದಳು. ಹಾರ್ನು ಕೂಗಿದ ದಿನದಿಂದ ಅವಳು ಅವರೊಡನೆ ಮಾತು ಕಡಿಮೆ ಮಾಡಿದ್ದಳು.

"ನೀನೋಗಿ ಕರ್ಕಂಡು ಬಾ. ನನ್ನ ಮೊಕ ನೋಡಾಕಿಲ್ಲ ಅವ್ರು" ಎಂದರು ಭಾವ.

ಅತ್ತೆ ಎಡಪ್ಪಾಡಿಯ ತಮ್ಮ ತವರುಮನೆಯಲ್ಲಿದ್ದಾರೆಂದು ತಿಳಿದು ಒಂದು ಭಾನುವಾರ ಬಸ್ಸು ಹತ್ತಿದೆ. ಅವರು ಅಂಗಳದ ಚಪ್ಪರದಲ್ಲಿ ಮಗ್ಗದ ಗುಣಿಗೆ ಕಾಲಿಳಿಸಿ ನೇಯುತ್ತಿದ್ದರು. ನಾನು ತೊಟ್ಟಿಯ ವಿಷಯ ಹೇಳಿದೆ. ಅವರು ಲಾಳಿ ನಿಲ್ಲಿಸಲಿಲ್ಲ.

"ಗೊತ್ತಾಯ್ತಲ್ಲ, ಸರಿ. ಆದ್ರೆ ಅಲ್ಲಿಗೆ ಬರಾಕಿಲ್ಲಪ್ಪಾ."

"ತಪ್ಪು ನನ್ನದೂ ಐತೆ ಅತ್ತೆ" ಎಂದೆ.

ಆಗ ಮಗ್ಗ ನಿಂತಿತು. ಒಳಕೋಣೆಯಲ್ಲಿ ಹದಿನೇಳು ಹದಿನೆಂಟರ ಹುಡುಗಿ ಮಣೆಯ ಮೇಲೆ ಕುಳಿತು ರಾಟೆಯಲ್ಲಿ ನೂಲು ಸುತ್ತುತ್ತಿದ್ದಳು. ಅತ್ತೆಯ ಒಬ್ಬಳೇ ಮಗಳು. ಅತ್ತೆ ದನಿ ತಗ್ಗಿಸಿದರು. "ಅವತ್ತು ಆ ಮಾತ್ರೆ ಇವಳದ್ದು. ಇವಳಿಗೆ ವಲಿಪ್ಪು ಬತ್ತದೆ. ಮದುವೆ ಆಗ್ಬೇಕಾದ ಎಣ್ಣು. ಬೀದಿ ಮುಂದೆ ಎಂಗೆ ಏಳಾದು?" ವಲಿಪ್ಪು ಎಂದರೆ ಮೂರ್ಛೆ ರೋಗ.

ಅವರು ಮುಂದುವರಿಸಿದರು. ಮಗ್ಗದ ಸದ್ದಿನಲ್ಲಿ ಮಗಳು ಬಿದ್ದದ್ದು ಕೇಳಿಸುವುದಿಲ್ಲ. ಹೋದ ವಾರ ಎಷ್ಟು ಹೊತ್ತು ಬಿದ್ದಿದ್ದಳೋ, ಹಣೆ ಒಡೆದು ರಕ್ತ ಒಣಗಿತ್ತು. ಗಳಿಗೆಗೊಮ್ಮೆ ಎದ್ದು ನೋಡಿದರೆ ನೇಯ್ಗೆ ಸಾಗದು.

"ನಿನ್ನ ಆ ಯಂತ್ರ ಊರನ್ನೆಲ್ಲ ಕರೀತು. ನನ್ನೊಬ್ಬಳನ್ನೇ ಕರೆಯೋದು ಮಾಡಾಕಾಗ್ತದಾ? ಸದ್ದು ಬ್ಯಾಡ. ಪಕ್ಕದ ಮನೆಗೂ ಗೊತ್ತಾಗ್ಬಾರ್ದು."

ಸೇಲಂಗೆ ಮರಳುವ ಬಸ್ಸಿನಲ್ಲಿ ನಾನು ಅದನ್ನೇ ಯೋಚಿಸಿದೆ. ಹುಡುಗಿ ಕೂರುವ ಮಣೆಯನ್ನು ಬಿಟ್ಟು ಸುತ್ತಲಿನ ನೆಲಕ್ಕೆಲ್ಲ ತಾಟು ಹಾಸಬಹುದು. ಬಿದ್ದರೆ ಅದರ ಮೇಲೇ ಬೀಳುತ್ತಾಳೆ. ಹಾರ್ನಿನ ಬದಲು ಮಗ್ಗದ ಮೇಲೆ, ನೇಯುವವರ ಕಣ್ಣೆದುರಿಗೆ, ಒಂದು ಪುಟ್ಟ ಕೆಂಪು ಬಲ್ಬು. ಆದರೆ ನಡೆದಾಡಿದಾಗಲೆಲ್ಲ ಬಲ್ಬು ಹತ್ತಿದರೆ ಅತ್ತೆ ದಿನವಿಡೀ ಹೆದರಬೇಕು. ನಡೆಯುವವರು ತಾಟಿನ ಮೇಲೆ ನಿಲ್ಲುವುದು ಒಂದು ಕ್ಷಣ, ಬಿದ್ದವರು ಏಳುವುದಿಲ್ಲ. ಹಾಗಾಗಿ ಹತ್ತು ಎಣಿಸುವಷ್ಟು ಹೊತ್ತು ಭಾರ ಕೂತಿದ್ದರೆ ಮಾತ್ರ ಬಲ್ಬು ಹತ್ತುವಂತೆ ಮಾಡಬೇಕು. ಅದಕ್ಕೆ ಮೂರು ವಾರ ಹಿಡಿಯಿತು. ಮೊದಲು ಮಾಡಿದ್ದರಲ್ಲಿ ಬಿಸಿಲೇರಿದರೆ ಐದು ಎಣಿಸುವಷ್ಟರಲ್ಲೇ ಬಲ್ಬು ಹತ್ತುತ್ತಿತ್ತು, ಮೋಡವಾದರೆ ಇಪ್ಪತ್ತಾದರೂ ಇಲ್ಲ. ಅಂಗಡಿಯ ಯಜಮಾನರು ಬೈದರು, ಕೊನೆಗೆ ತಾವೇ ಒಳ್ಳೆಯ ಬಿಡಿಭಾಗ ಹುಡುಕಿ ಕೊಟ್ಟರು. ಕರೆಂಟು ಹೋದರೂ ನಡೆಯಲಿ ಎಂದು ಬ್ಯಾಟರಿ ಇಟ್ಟೆ.

ಅದನ್ನು ಅತ್ತೆಯ ಮನೆಯಲ್ಲಿ ಕೂಡಿಸಿದ ವಾರದಲ್ಲಿ ಪಕ್ಕದ ಮನೆಯ ಮೇಕೆ ಒಳನುಗ್ಗಿ ತಾಟಿನ ಮೇಲೆ ಮಲಗಿತಂತೆ. ಬಲ್ಬು ನೋಡಿ ಓಡಿದ ಅತ್ತೆ ಮೇಕೆಯನ್ನೂ, ಮಣೆಯ ಮೇಲೆ ಚೆನ್ನಾಗಿಯೇ ಕುಳಿತಿದ್ದ ಮಗಳನ್ನೂ ಕಂಡು ಅಲ್ಲೇ ಕುಳಿತುಬಿಟ್ಟರಂತೆ. ಇದನ್ನು ಹೇಳುವಾಗ ಸ್ವಲ್ಪ ನಕ್ಕರು.

ಬ್ಯಾಟರಿ ಬದಲಿಸಲು ಹೋದ ಒಂದು ದಿನ ನಾನು ಚಪ್ಪರದಲ್ಲಿದ್ದಾಗಲೇ ಬಲ್ಬು ಹತ್ತಿತು. ಅತ್ತೆ ಕೂಗಲಿಲ್ಲ. ಲಾಳಿಯನ್ನು ಪಕ್ಕಕ್ಕಿಟ್ಟು, ಗುಣಿಯಿಂದ ಎದ್ದು ಒಳಗೆ ಹೋದರು. ಬಾಗಿಲ ಸಂದಿಯಿಂದ ಕಂಡಿತು: ಮಗಳನ್ನು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಸೀರೆಯ ಮಡಿಕೆ ಇಟ್ಟು, ಬೆನ್ನು ಸವರುತ್ತ ಕುಳಿತಿದ್ದರು. ನಾನು ಮುಖ ತಿರುಗಿಸಿ ನಿಂತೆ. ಬೀದಿಯಲ್ಲಿ ಹೆಂಗಸರು ನೀರು ಹೊತ್ತು ಮಾತಾಡುತ್ತ ಹೋಗುತ್ತಿದ್ದರು. ಯಾರಿಗೂ ಏನೂ ತಿಳಿಯಲಿಲ್ಲ.

ನಾಲ್ಕು ವರ್ಷದ ಮೇಲೆ ಆ ಹುಡುಗಿಗೆ ಮದುವೆಯಾಯಿತು. ಗಂಡು ಪವರ್‌ಲೂಮ್ ಕೆಲಸದವನು, ಅತ್ತೆಗೆ ದೂರದ ಸಂಬಂಧಿ. ರೋಗದ ವಿಷಯವನ್ನು ಅತ್ತೆಯೇ ಅವನನ್ನು ಕೂರಿಸಿಕೊಂಡು ಹೇಳಿದ್ದರು. ಭಾವ ಒಂದು ಜೊತೆ ಗೆಜ್ಜೆ ಮಾಡಿಸಿ ಅಕ್ಕನ ಕೈಯಲ್ಲಿ ಕಳಿಸಿದರು. ಅತ್ತೆ ಅಕ್ಕನನ್ನು ತಬ್ಬಿಕೊಂಡರು, ಊಟಕ್ಕೆ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಗೆಜ್ಜೆಯನ್ನು ಮಾತ್ರ ಮುಟ್ಟಲಿಲ್ಲ. "ನೀನು ಬಂದೆಯಲ್ಲಾ, ಅದು ಸಾಕು. ಇದ ಎತ್ಕಂಡು ಓಗವ್ವಾ" ಎಂದರು. ಅಕ್ಕ ಒತ್ತಾಯ ಮಾಡಲಿಲ್ಲ.

ನಾನು ಹೊರಡಲು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಮದುಮಗ ಬಂದು ನನ್ನನ್ನು ಪಕ್ಕಕ್ಕೆ ಕರೆದ.

"ಅಣ್ಣಾ, ಆ ತಾಟು ನಮ್ಮನೇಗೂ ಒಂದು ಬೇಕು. ನಮ್ದು ಅಡುಗೆಮನೆ ಚಿಕ್ಕದು. ಒಲೆ ಮುಂದಿನ ಮಣೆ ಬುಟ್ಟು ಸುತ್ತ ಆಸಾಕಾಗ್ತದಾ?"

ಅಳತೆ ಬೇಕು ಎಂದೆ. ಅವನು ಆಗಲೇ ಅಳೆದು, ಲಗ್ನಪತ್ರಿಕೆಯ ಹಿಂಭಾಗದಲ್ಲಿ ಬರೆದಿಟ್ಟುಕೊಂಡಿದ್ದ.