ಹಸುವಿಗಾಗಿ ಕೇಳಿದ ವಾಯಿದೆ

ಕೋಗಿಲಿನ ನಮ್ಮ ಮನೆಯ ಸುತ್ತ ಆಗಲೇ ಮೂರು ನಾಲ್ಕು ಅಂತಸ್ತಿನ ಕಟ್ಟಡಗಳು ಎದ್ದಿದ್ದವು. ಅವುಗಳ ನಡುವೆ ನಮ್ಮ ಕೊಟ್ಟಿಗೆ ಉಳಿದಿತ್ತು, ಕೊಟ್ಟಿಗೆಯಲ್ಲಿ ಒಂದೇ ಒಂದು ಹಸು ಉಳಿದಿತ್ತು. ಆ ವರ್ಷ ನನಗೆ ಹೆಬ್ಬಾಳದ ರಕ್ತ ಪರೀಕ್ಷೆಯ ಲ್ಯಾಬೊಂದರಲ್ಲಿ ಕೌಂಟರಿನ ಕೆಲಸ ಸಿಕ್ಕಿತು. ಮಕ್ಕಳಿಬ್ಬರೂ ಶಾಲೆಗೆ ಹೋಗತೊಡಗಿದ ಮೇಲೆ ನಾನೇ ಹುಡುಕಿಕೊಂಡ ಕೆಲಸ. ಮದುವೆಗೆ ಮುಂಚೆ ಬಿ.ಕಾಂ. ಮುಗಿಸಿದ್ದು ಸಾರ್ಥಕವಾಯಿತೆಂದು ಮನೆಮಂದಿಗೆಲ್ಲ ಪಾಯಸ ಬಡಿಸಿದ್ದೆ. ಸೋಮವಾರವೇ ಬಂದು ಸೇರಿ ಎಂದು ಲ್ಯಾಬಿನ ಮೇಡಂ ಫೋನಿನಲ್ಲಿ ಹೇಳಿದಾಗ ಹೂಂ ಎಂದುಬಿಟ್ಟೆ. ಫೋನ್ ಇಟ್ಟ ಮೇಲೆ ಕೊಟ್ಟಿಗೆಯ ನೆನಪಾಯಿತು.

ಹಸು ತುಂಬು ಗಬ್ಬ. ಇವತ್ತೋ ನಾಳೆಯೋ ಎಂಬಂತಿತ್ತು. ಅದಕ್ಕೆ ನನ್ನ ಕೈಯೊಂದೇ ಅಭ್ಯಾಸ. ಬೇರೆ ಯಾರು ಹಾಲು ಕರೆಯಲು ಕೂತರೂ ಒಂದು ಲೋಟದಷ್ಟು ಕೊಟ್ಟಂತೆ ಮಾಡಿ ಉಳಿದದ್ದನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತಿತ್ತು. ಬಲವಂತ ಮಾಡಿದರೆ ಒದೆಯುತ್ತಿತ್ತು. ಹಿಂದೊಮ್ಮೆ ನಾನು ತವರಿಗೆಂದು ಬಾಗಲೂರಿಗೆ ಹೋಗಿ ಬರುವುದರೊಳಗೆ ಕೆಚ್ಚಲು ಕಲ್ಲಿನಂತಾಗಿ ದನದ ಡಾಕ್ಟರನ್ನು ಕರೆಸಬೇಕಾಯಿತು. ಕರು ಹಾಕಿದ ಹೊಸದರಲ್ಲೇ ಇನ್ನೊಂದು ಕೈ ರೂಢಿ ಮಾಡಿಸಬೇಕು, ಆಮೇಲೆ ಆಗದು. ಮೈದುನನ ಹೆಂಡತಿ, ನನ್ನ ವಾರಗಿತ್ತಿ, ಕಲಿಯಲು ಸಿದ್ಧವಿದ್ದಳು. ಇಲ್ಲದ್ದು ದಿನಗಳು ಮಾತ್ರ.

ಮಾವ ಆ ರಾತ್ರಿ ಊಟಕ್ಕೆ ಕೂತಾಗ, "ಮಾರ್ಬುಡಾನ ಬುಡಮ್ಮ. ನಿನ್ ಕೆಲ್ಸ ದೊಡ್ದು" ಎಂದರು. ಹೇಳಿದವರು ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಈ ಹಸುವಿನ ಅಜ್ಜಿಯನ್ನು ಸಂತೆಯಿಂದ ನಡೆಸಿಕೊಂಡು ಬಂದವರು ಅವರು. ಕೆಲಸ ಬಿಡಲು ನನಗೆ ಮನಸ್ಸಿರಲಿಲ್ಲ, ಆ ಅರ್ಧ ಮುದ್ದೆ ನೋಡಿದ ಮೇಲೆ ಹಸುವನ್ನು ಬಿಡಲೂ ಮನಸ್ಸು ಬರಲಿಲ್ಲ. ಮೇಡಂ ಹತ್ತಿರ ವಾಯಿದೆ ಕೇಳುತ್ತೇನೆ ಎಂದೆ.

ವಾಯಿದೆ ಎಂದ ಕೂಡಲೇ ಮಾವನಿಗೆ ಹುರುಪು ಬಂತು. ಪ್ರಾಯದಲ್ಲಿ ಅವರು ದನದ ಸಂತೆಗಳಲ್ಲಿ ವ್ಯಾಪಾರ ಕುದುರಿಸಿದವರು. ಅಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಟವಲಿನ ಕೆಳಗೆ ಇಬ್ಬರೂ ಕೈ ಹಿಡಿದುಕೊಂಡು ಬೆರಳು ಒತ್ತಿ ತಿಳಿಸುತ್ತಾರೆ. ಜಗಲಿಯ ಮೇಲೆ ನನ್ನನ್ನು ಕೂರಿಸಿಕೊಂಡು, ಹೆಗಲ ಟವಲನ್ನು ನನ್ನ ಕೈ ಮೇಲೆ ಹಾಸಿ, ಪಾಠ ಹೇಳಿಕೊಟ್ಟರು. "ಎಷ್ಟು ದಿನ ಅಂತ ನೀನು ಬಾಯಿ ಬುಡಬ್ಯಾಡ. ಕಷ್ಟ ಐತೆ ಅನ್ನು, ಸುಮ್ಕಾಗ್ಬುಡು. ಎದುರಿಗಿರೋರಿಗೆ ಸುಮ್ನಿರಾಕೆ ಆಗಲ್ಲ, ಅವರೇ ಅಂತಾರೆ."

ಬೆಳಗಾದ ಮೇಲೆ, ಸಿಗ್ನಲ್ ಚೆನ್ನಾಗಿ ಸಿಗಲಿ ಎಂದು ಇಬ್ಬರೂ ತಾರಸಿಗೆ ಹೋದೆವು. ಮನೆಯಲ್ಲಿ ಸ್ವಲ್ಪ ಕಷ್ಟವಿದೆ, ಸೋಮವಾರ ಸೇರುವುದು ಆಗುತ್ತಿಲ್ಲ ಎಂದು ಮೇಡಂಗೆ ಹೇಳಿ ಬಾಯಿ ಮುಚ್ಚಿಕೊಂಡೆ. ಅತ್ತ ಕಡೆಯಿಂದ "ಹಲೋ? ಕೇಳಿಸ್ತಿದ್ಯಾ?" ಎಂದರು. ಮಾವ ಕೈ ಎತ್ತಿ, ತಡಿ ಎಂಬಂತೆ ಸನ್ನೆ ಮಾಡಿದರು. ತಡೆದೆ. ಮತ್ತೆ ಎರಡು ಸಲ ಹಲೋ ಎಂದು ಮೇಡಂ ಫೋನ್ ಇಟ್ಟುಬಿಟ್ಟರು.

"ನೋಡ್ದಾ, ಯೋಚ್ನೆಗೆ ಬಿದ್ರು" ಎಂದು ಮಾವ ಮೀಸೆ ತಿರುವುತ್ತ ಮೆಟ್ಟಿಲಿಳಿದರು.

ಸಂಜೆಯವರೆಗೂ ಫೋನ್ ಬರಲಿಲ್ಲ. ನಾನು ಮಾಡಿದರೆ ಲೈನ್ ಬ್ಯುಸಿ. ಕೆಲಸ ಕೈಬಿಟ್ಟಿತು ಎಂದು ಅಡುಗೆಮನೆಯಲ್ಲಿ ಸುಮ್ಮನೆ ಪಾತ್ರೆ ಕುಕ್ಕುತ್ತಿದ್ದೆ. ಕಾರಣ ತಿಳಿದು ವಾರಗಿತ್ತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಲ್ಲ ಮಾವ, ಸಂತೇಲಿ ಕೈ ಹಿಡ್ಕೊಂಡಿರ್ತೀರ, ಎದ್ದು ಹೋಗಕ್ಕಾಗಲ್ಲ. ಫೋನಲ್ಲಿ ಯಾರ ಕೈ ಹಿಡ್ಕೊಳ್ಳೋದು?"

ಮಾವ ಹೆಗಲ ಟವಲು ತೆಗೆದು ಮುಖ ಒರೆಸಿಕೊಂಡರು. "ಅದೂ ದಿಟವೇ. ಎದುರಿಗೇ ಓಗು. ಇದ್ದುದ್ದು ಇದ್ದಂಗೆ ಅನ್ನು" ಎಂದರು.

ಮರುದಿನ ಬೆಳಿಗ್ಗೆ ಬಸ್ಸು ಹಿಡಿದು ಹೆಬ್ಬಾಳಕ್ಕೆ ಹೋದೆ. ಮೇಡಂ ನನಗಿಂತ ನಾಲ್ಕೈದು ವರ್ಷ ದೊಡ್ಡವರು. ನನಗೆ ಇಷ್ಟವಿಲ್ಲವೇನೋ ಎಂದುಕೊಂಡು ಇನ್ನೊಬ್ಬರಿಗೆ ಫೋನ್ ಮಾಡಲು ನಂಬರು ತೆಗೆದಿಟ್ಟಿದ್ದರಂತೆ. ನಾನು ಹಸುವಿನ ಕಥೆಯನ್ನು ಮೊದಲಿನಿಂದ ಹೇಳಿದೆ. ಪರೀಕ್ಷೆಗೆ ಬಂದು ಕೂತಿದ್ದ ಯಜಮಾನರೊಬ್ಬರು ತೋಳಿಗೆ ಹತ್ತಿ ಒತ್ತಿಕೊಂಡೇ ಬಗ್ಗಿ ಕೇಳಿಸಿಕೊಂಡರು. ಕಟ್ಟಡ ತುಂಬಿದ ಕೋಗಿಲಿನಲ್ಲಿ ಇನ್ನೂ ಹಸು ಇದೆಯೇ ಎಂದು ಮೇಡಂ ಆಶ್ಚರ್ಯಪಟ್ಟರು. ಇದ್ದ ಹಾಗೇ ಹೇಳುತ್ತೇನೆ, ಒಂದು ತಿಂಗಳು ಬೇಕು ಎಂದೆ. ಅದು ಸಾಧ್ಯವೇ ಇಲ್ಲ, ಈಗಿರುವ ಹುಡುಗಿ ತಿಂಗಳೊಳಗೆ ಮದುವೆಗೆಂದು ಹೊರಡುತ್ತಾಳೆ, ಅಷ್ಟರಲ್ಲಿ ನೀವು ಅವಳಿಂದ ಕೆಲಸ ಕಲಿಯಬೇಕು, ಒಂದು ವಾರ ಬೇಕಾದರೆ ತಳ್ಳುತ್ತೇನೆ ಎಂದರು.

ಹಗಲು ಹೊತ್ತಿನಲ್ಲಿ ಹಸುವಿಗೆ ನನ್ನಿಂದ ಏನೂ ಆಗಬೇಕಾಗಿಲ್ಲ ಎಂಬುದು ನನಗೆ ಹೊಳೆದದ್ದು ಆಗಲೇ. ಬೆಳಿಗ್ಗೆಯ ಹಾಲು ಮುಗಿಸಿ ಬಂದು, ಸಂಜೆಯ ಹಾಲಿಗೆ ಮುಂಚೆ ವಾಪಸ್ಸು ಹೋಗುವ ಹಾಗೆ, ಮಧ್ಯದ ಮೂರು ಗಂಟೆ ಹೊತ್ತು ಇಲ್ಲಿದ್ದು ಆ ಹುಡುಗಿಯಿಂದ ಕಂಪ್ಯೂಟರಿನ ಕೆಲಸ ಕಲಿಯುತ್ತೇನೆ ಎಂದೆ. ಅವಳು ಹೋಗುವಷ್ಟರಲ್ಲಿ ನಾನು ತಯಾರಾಗಿರುತ್ತೇನೆ.

ಮೇಡಂ ಕ್ಯಾಲೆಂಡರು ತಿರುವಿ ನೋಡಿದರು. "ಮೂರು ವಾರ. ಆಮೇಲೆ ಫುಲ್ ಡೇ. ಆಮೇಲೆ ಕರುವಿಗೆ ಜ್ವರ ಅಂತೆಲ್ಲ ಬರ್ಬಾರ್ದು, ನೋಡಿ."

ಅಂಥದ್ದೇನೂ ಬರುವುದಿಲ್ಲ ಎಂದೆ.

ಎರಡು ದಿನ ಬಿಟ್ಟು ಹೆಣ್ಣು ಕರು ಹುಟ್ಟಿತು. ಮೊದಮೊದಲು ನಾನು ಕರೆಯುತ್ತಿದ್ದರೆ ವಾರಗಿತ್ತಿ ಪಕ್ಕದಲ್ಲಿ ಕೂತು ಹಸುವಿನ ಬೆನ್ನು ಸವರುತ್ತಿದ್ದಳು. ಆಮೇಲೆ ಇಬ್ಬರೂ ಎರಡೆರಡು ಮೊಲೆ ಹಂಚಿಕೊಂಡೆವು. ವಾಸನೆ ಬದಲಾಗದಿರಲಿ ಎಂದು ಅವಳು ನನ್ನ ಹಳೆಯ ಸೀರೆಯನ್ನೇ ಉಟ್ಟು ಬರುತ್ತಿದ್ದಳು. ಒಂದು ಸಲ ಚೊಂಬು ಉರುಳಿತು, ಒಂದು ಸಲ ಅವಳೇ ಉರುಳಿದಳು. ನಾನು ಪೂರ್ತಿ ದಿನದ ಕೆಲಸಕ್ಕೆ ಹೊರಡಬೇಕಾದ ಸೋಮವಾರ ಅವಳೊಬ್ಬಳೇ ಕೊಟ್ಟಿಗೆಗೆ ಹೋದಳು. ಒದೆಯುವ ಸದ್ದು ಬಂದರೆ ಒಳಗೆ ನುಗ್ಗೋಣವೆಂದು ನಾನು ಆಫೀಸಿನ ಸೀರೆ ಉಟ್ಟುಕೊಂಡು ಗೋಡೆಯಾಚೆ ಕಾದು ನಿಂತೆ. ಮಾವ ಆಗಲೇ ಅಲ್ಲಿ ನಿಂತಿದ್ದರು.

ಚೊಂಬಿಗೆ ಹಾಲು ಬೀಳುವ ಸದ್ದು ಮೊದಲು ತೆಳ್ಳಗೆ, ಆಮೇಲೆ ಎಡೆಬಿಡದೆ ಕೇಳಿಸಿತು. ನಾನೆಲ್ಲಿ ಎಂದು ಆ ಹಸು ಒಂದು ಸಲ ಅಂಬಾ ಕೂಡ ಅನ್ನಲಿಲ್ಲ. ನನಗೆ ಸಮಾಧಾನವಾಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

"ಇನ್ನೇನ್ ನೋಡ್ತಾ ನಿಂತೆ, ಓಗಮ್ಮ, ಬಸ್ಸು ಬತ್ತದೆ" ಎಂದರು ಮಾವ.